ಅರ್ಧ ನೂಲು

ನಮ್ಮ ಮನೆಯ ಮರಗೆಲಸ ಮಾಡಿದ ಆಚಾರ್ರಿಗೆ ಎಡಗೈಯ ತೋರುಬೆರಳಿನ ತುದಿ ಇಲ್ಲ. ಹಲಗೆಯ ಅಗಲವನ್ನು ಚೋಟಿನಲ್ಲಿ ಅಂದಾಜು ಮಾಡುವಾಗ ಅವರು ಪ್ರತಿ ಸಲವೂ ಬೆರಳು ಮುಗಿದ ಮೇಲೆ ಇನ್ನಷ್ಟು ಜಾಗ ಬಿಟ್ಟು ಎಣಿಸುತ್ತಾರೆ. ಮೊದಲು ನೋಡಿದಾಗ ನನಗೆ ಅರ್ಥವಾಗಿರಲಿಲ್ಲ. "ನನ್ನ ಚೋಟು ಆರು ನೂಲು ಕಡಿಮೆ ಮೇಷ್ಟ್ರೇ. ಅದನ್ನು ಸೇರಿಸಿಕೊಂಡೇ ಲೆಕ್ಕ ಹಾಕಬೇಕು" ಎಂದರು, ಬೇರೆ ಯಾರದೋ ಅಳತೆಪಟ್ಟಿಯ ಬಗ್ಗೆ ಹೇಳುವ ಹಾಗೆ.

ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ, ಹೆಚ್ಚುಕಡಿಮೆ 3.2 ಮಿಲಿಮೀಟರ್. ಆರು ನೂಲು ಎಂದರೆ ಮುಕ್ಕಾಲು ಇಂಚು. ಅದನ್ನು ತೆಗೆದುಕೊಂಡದ್ದು ಮಾರ್ಬಲ್ ಕಟರ್. ಹೆಸರೇ ಹೇಳುವಂತೆ ಅದು ಕಲ್ಲು ಕೊಯ್ಯಲು ಹುಟ್ಟಿದ ಯಂತ್ರ. ಹಲ್ಲಿಲ್ಲದ ವಜ್ರದ ಬಿಲ್ಲೆಗೆಂದು ಮಾಡಿದ ಅದಕ್ಕೆ ನಾಲ್ಕಿಂಚಿನ ಹಲ್ಲಿನ ಬ್ಲೇಡ್ ಸಿಕ್ಕಿಸಿ, ಅಡ್ಡಬರುತ್ತದೆಂದು ಗಾರ್ಡನ್ನು ಬಿಚ್ಚಿಟ್ಟು, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಪ್ಲೈವುಡ್ ಕೊಯ್ಯುವುದನ್ನು ನೀವೂ ನೋಡಿರುತ್ತೀರಿ. ಹೊಸ ಅಪಾರ್ಟ್‌ಮೆಂಟ್ ಏಳುತ್ತಿರುವ ಯಾವ ಬೀದಿಯಲ್ಲಾದರೂ ಬೆಳಿಗ್ಗೆ ಹತ್ತು ಗಂಟೆಯ ನಂತರ ಕೇಳುವ ಚೀರಾಟ ಅದರದೇ. ನಿಮಿಷಕ್ಕೆ ಸುಮಾರು 12,000 ಸುತ್ತು. ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚದಂತೆ ತಡೆಯಲು ಹಿಂದೆ ಸೀಳುಗತ್ತಿ ಇಲ್ಲ, ಕೈಗೂ ಬ್ಲೇಡಿಗೂ ನಡುವೆ ತಗಡಿನ ಚೂರೂ ಇಲ್ಲ. ಇದಕ್ಕೆ ಬಡಗಿಗಳನ್ನು ಬೈಯುವುದು ನನಗೆ ಇಷ್ಟವಿಲ್ಲ. ಚದರಡಿಗೆ ಇಷ್ಟು ಎಂದು ಕೂಲಿ ನಿಗದಿಯಾದ ಕೆಲಸದಲ್ಲಿ, ಮೂರು ಸಾವಿರದ ಯಂತ್ರ ಎಲ್ಲವನ್ನೂ ಮಾಡುತ್ತದೆ ಎಂದರೆ ಯಾರು ಬಿಡುತ್ತಾರೆ?

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಮರಗೆಲಸ ನನ್ನ ಮುಪ್ಪಿನ ಹುಚ್ಚು. ಮೈಸೂರಿನ ಮನೆಯ ತಾರಸಿಯಲ್ಲಿ ಶೀಟಿನ ಮಾಡು ಹಾಕಿಸಿಕೊಂಡು, ಭವಿಷ್ಯನಿಧಿಯ ಒಂದು ಚೂರನ್ನು ಟ್ರ್ಯಾಕ್ ಸಾ ಎಂಬ ಯಂತ್ರಕ್ಕೆ ಸುರಿದೆ. ಅದನ್ನು ನಾನು ಹಳಿ ಗರಗಸ ಎಂದು ಕರೆಯುತ್ತೇನೆ, ಏಕೆಂದರೆ ಅದರ ಜೀವ ಇರುವುದು ಗರಗಸದಲ್ಲಲ್ಲ, ಹಳಿಯಲ್ಲಿ. ಅಲ್ಯೂಮಿನಿಯಮ್ಮಿನ ಉದ್ದನೆಯ ಪಟ್ಟಿ. ಅದರ ಮೇಲೊಂದು ದಿಂಡು. ಗರಗಸದ ತಳದಲ್ಲಿರುವ ಕಾಲುವೆ ಆ ದಿಂಡಿನ ಮೇಲೆ ಕೂರುತ್ತದೆ. ಹಳಿಯ ಅಡಿಯಲ್ಲಿ ಜಾರದಂತೆ ಎರಡು ಸಾಲು ಸ್ಪಂಜಿನಂಥ ಪಟ್ಟಿ. ಅಂಚಿನಲ್ಲಿ ಸಿಬಿರು ಏಳದಂತೆ ಅದುಮಿ ಹಿಡಿಯುವ ರಬ್ಬರು. ಬ್ಲೇಡ್ ಸದಾ ಗೂಡಿನೊಳಗೇ ಇರುತ್ತದೆ; ಅದುಮಿದರೆ ಇಳಿಯುತ್ತದೆ, ಬಿಟ್ಟರೆ ಸ್ಪ್ರಿಂಗಿನ ಬಲದಿಂದ ಒಳಗೆ ಹೋಗುತ್ತದೆ. ಸ್ಟುಟ್‌ಗಾರ್ಟಿನ ಹತ್ತಿರದ ವೆಂಡ್ಲಿಂಗೆನ್ ಎಂಬ ಊರಿನ ಫೆಸ್ಟೂಲ್ ಕಂಪನಿ ಈ ಬಗೆಯ ಹಳಿಗೆ ಹೆಸರಾದದ್ದು. ಈಗ ಜಪಾನಿನ ಮಕೀಟಾ ಸೇರಿದಂತೆ ಹತ್ತಾರು ಕಂಪನಿಗಳು ಮಾಡುತ್ತವೆ. ನನ್ನದು ಇವೆರಡೂ ಅಲ್ಲ, ಹೆಸರು ಬೇಡ.

ಕೊಂಡ ವಾರದಲ್ಲಿ ಆಚಾರ್ರನ್ನು ಕರೆದು ತೋರಿಸಿದೆ. ಹಳಿ ಇಟ್ಟು ಒಂದು ಹಲಗೆ ಕೊಯ್ದೆ. ಅಂಚನ್ನು ಉಗುರಿನಲ್ಲಿ ಸವರಿ ನೋಡಿದರು. "ಗೆರೆ ತಪ್ಪುವ ಹಾಗೇ ಇಲ್ಲವಲ್ಲ" ಎಂದರು. ಮೆಚ್ಚುಗೆಯೆಂದು ಬೀಗಿದೆ. ಅದು ಎಚ್ಚರಿಕೆಯೂ ಆಗಿತ್ತೆಂದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಕೈಗರಗಸ ಹಿಡಿದವನ ಜಾಣತನವೆಲ್ಲ ಕೊಯ್ಯುವ ಹೊತ್ತಿನಲ್ಲಿರುತ್ತದೆ. ಮೊಣಕೈಯನ್ನು ಮೈಗೆ ಒತ್ತಿ, ಗೆರೆ ಉಳಿಸಿ ಕೊಯ್ಯುತ್ತಾನೋ ಗೆರೆ ತಿಂದು ಕೊಯ್ಯುತ್ತಾನೋ ಎಂಬುದು ಪ್ರತಿ ಎಳೆತದಲ್ಲೂ ತೀರ್ಮಾನವಾಗುತ್ತದೆ. ಹಳಿ ಬಂದ ಮೇಲೆ ಕೊಯ್ಯುವ ಹೊತ್ತಿನಲ್ಲಿ ತೀರ್ಮಾನಿಸಲು ಏನೂ ಉಳಿದಿಲ್ಲ, ತಳ್ಳಿದರಾಯಿತು. ಜಾಣತನವೆಲ್ಲ ಅದಕ್ಕೂ ಮುಂಚಿನ ಹತ್ತು ನಿಮಿಷಕ್ಕೆ ಜರುಗಿದೆ. ಹಲಗೆಯ ಕೆಳಗೆ ಏನಿದೆ, ಹಳಿ ಯಾವ ಬದಿಯಲ್ಲಿದೆ, ತುಂಡಾದ ಭಾಗ ಯಾವ ಕಡೆಗೆ ಬೀಳುತ್ತದೆ, ನಾನು ಎಲ್ಲಿ ನಿಂತಿದ್ದೇನೆ. ಕಣ್ಣಿಗೆ ಕಾಣುವ ಕೌಶಲವಲ್ಲವಾದ್ದರಿಂದ ಅದನ್ನು ಬಿಟ್ಟುಬಿಡುವುದು ಬಹಳ ಸುಲಭ. ನಾನೂ ಬಿಟ್ಟೆ.

ಪುಸ್ತಕದ ಕಪಾಟಿಗೆಂದು 8 ಅಡಿಗೆ 4 ಅಡಿಯ, 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಾಳೆ ತರಿಸಿದ್ದೆ. ಅದನ್ನು ಅಡ್ಡಲಾಗಿ, ಸರಿಯಾಗಿ ನಡುವೆ ಕೊಯ್ದು ಎರಡು ಮಾಡಬೇಕಿತ್ತು. ಎರಡು ತುದಿಗೆ ಎರಡು ಸ್ಟೂಲು ಕೊಟ್ಟೆ. ಮೂವತ್ತು ವರ್ಷ ತೊಲೆಯ ಬಾಗುವಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದವನು, ತುದಿಗಳಲ್ಲಿ ಮಾತ್ರ ಆಧಾರವಿರುವ ಹಲಗೆಯನ್ನು ನಡುವೆ ಕೊಯ್ದರೆ ಏನಾಗುತ್ತದೆಂದು ಯೋಚಿಸಲಿಲ್ಲ. ಮುಕ್ಕಾಲು ಭಾಗ ಕೊಯ್ದಾಗ ಎರಡೂ ಅರ್ಧಗಳು ನಡುವೆ ಕುಸಿದವು. ಸೀಳಿನ ಮೇಲ್ತುಟಿಗಳು ಬ್ಲೇಡನ್ನು ಕಚ್ಚಿ ಹಿಡಿದವು. ತಿರುಗುವ ಬ್ಲೇಡನ್ನು ಮರ ಹಿಡಿದುಕೊಂಡರೆ ಆ ಬಲ ಎಲ್ಲಿಗೆ ಹೋಗಬೇಕು? ಗರಗಸ ಹಳಿಯಿಂದ ಎದ್ದು ನೇರವಾಗಿ ಹಿಂದಕ್ಕೆ, ಎಂದರೆ ನನ್ನ ಕಡೆಗೆ ಹಾರಿತು. ನಾನು ಸರಿಯಾಗಿ ಅದರ ಹಿಂದೆಯೇ ನಿಂತಿದ್ದೆ.

ಬೆಚ್ಚಿ ಕೈ ಸಡಿಲಿಸಿದ್ದರಿಂದ ಬ್ಲೇಡ್ ಗೂಡಿಗೆ ಸೇರಿತ್ತು. ತಳದ ಲೋಹದ ಮೂಲೆ ಸೊಂಟಕ್ಕೆ ಬಡಿಯಿತು, ಅಷ್ಟೆ. ಮನೆಯಲ್ಲಿ ಹೇಳಲಿಲ್ಲ. ಆದರೆ ಬೆಲ್ಟಿನ ಮೇಲೆ ಬಿದ್ದ ಕಚ್ಚು ಸಂಜೆಯೊಳಗೆ ಎಲ್ಲವನ್ನೂ ಹೇಳಿತ್ತು.

ಲೆಕ್ಕ ಹಾಕಿದ್ದು ಆಮೇಲೆ. 160 ಮಿಲಿಮೀಟರ್ ಅಗಲದ ಬ್ಲೇಡ್ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಅದರ ಹಲ್ಲುಗಳ ವೇಗ ಸೆಕೆಂಡಿಗೆ ಸುಮಾರು 42 ಮೀಟರ್, ಗಂಟೆಗೆ 150 ಕಿಲೋಮೀಟರ್. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಿಸಿದರೆ ದಂಡ ಕಟ್ಟಬೇಕಾದ ವೇಗ. ಗರಗಸ ಹೀಗೆ ಹಿಂದಕ್ಕೆ ಹಾರುವ ಹಿಮ್ಮೊಗೆತಕ್ಕೆ ಸೀಳು ಮುಚ್ಚಿಕೊಂಡು ಬ್ಲೇಡ್ ಸಿಕ್ಕಿಬೀಳುವುದು ಒಂದು ಕಾರಣ. ಇನ್ನೊಂದು, ಹಲಗೆಯ ನಡುವೆ ಬ್ಲೇಡ್ ಇಳಿಸುವಾಗ ಅದರ ಹಿಂಬದಿಯ ಹಲ್ಲು ಮೊದಲು ಮರಕ್ಕೆ ತಾಗುವುದು. ಆ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಬರುವ ಮುಂಬದಿಯವಲ್ಲ, ಮೇಲಿನಿಂದ ಕೆಳಕ್ಕೆ ಹೋಗುವವು. ಮರಕ್ಕೆ ತಾಗಿದರೆ ಗರಗಸವನ್ನೇ ಎತ್ತಿ ಹಾಕುತ್ತವೆ. ಟಿವಿ ಕಪಾಟಿನ ಬೆನ್ನಿನಲ್ಲಿ ವೈರಿಗೆ ಕಿಂಡಿ ಕೊರೆಯುವಾಗ ನಾನು ಈಗ ಗರಗಸದ ಹಿಂದೆ ಹಳಿಗೆ ಒಂದು ತಡೆ ಬಿಗಿದು, ಗರಗಸವನ್ನು ಅದಕ್ಕೆ ಆನಿಸಿ, ಪೂರ್ತಿ ವೇಗ ಬಂದ ಮೇಲೆ ಮೆಲ್ಲಗೆ ಇಳಿಸುತ್ತೇನೆ. ಮೂರನೆಯ ಕಾರಣ ಗೆರೆ ತಪ್ಪಿತೆಂದು ಗರಗಸವನ್ನು ತಿರುಚುವುದು. ಅದೊಂದನ್ನು ಹಳಿ ತಾನೇ ತಪ್ಪಿಸಿದೆ. ಹಾಗಾಗಿಯೇ ಉಳಿದೆರಡು ಇಲ್ಲವೇ ಇಲ್ಲವೆಂದು ನಾನು ನಂಬಿಬಿಟ್ಟಿದ್ದೆ.

ಆಚಾರ್ರು ಬಂದವರು ಸ್ಟೂಲುಗಳನ್ನು ನೋಡಿ ನಗಲಿಲ್ಲ. "ಶಾಲೆಯ ಬೆಂಚಿನ ಮೇಲೆ ಮಲಗುವಾಗ ತಲೆಗೂ ಕಾಲಿಗೂ ಮಾತ್ರ ಬೆಂಚು ಕೊಡುತ್ತೀರಾ?" ಎಂದಷ್ಟೇ ಕೇಳಿದರು.

ಈಗ ನನ್ನ ಹಲಗೆ ಪೂರ್ತಿ ಮಲಗುತ್ತದೆ. ಮೊದಲು ಥರ್ಮೋಕೋಲಿನ ದಪ್ಪ ಹಾಳೆ ಹಾಸಿ ನೋಡಿದೆ. ಬ್ಲೇಡ್ ತಾಗಿದ್ದೇ ತಡ ಅದು ಬಿಳಿ ಕಾಳುಗಳಾಗಿ ಸಿಡಿದು, ಪಕ್ಕದ ತಾರಸಿಯಲ್ಲಿ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಹಿಮಪಾತವಾಯಿತು. ಅಕ್ಕಪಕ್ಕದ ಸಂಬಂಧ ಸರಿಹೋಗಲು ಒಂದು ಸ್ಟೂಲು ಮಾಡಿಕೊಡಬೇಕಾಯಿತು. ಆಮೇಲೆ ಶಾಖ ತಡೆಯಲು ತಾರಸಿಗೆ ಹಾಸುವ ಗಟ್ಟಿ ಫೋಮ್ ಹಾಳೆ ತಂದೆ. ಅದು ಹಾಗೆ ಕಾಳುಕಾಳಾಗಿ ಸಿಡಿಯುವುದಿಲ್ಲ. ಅದು ಸಿಗದಿದ್ದರೆ ಬೇಡವಾದ ರೀಪರುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದರೂ ಸಾಕು, ಸೀಳಿನ ಎರಡೂ ಬದಿಗೆ ಎರಡೆರಡಾದರೂ ಇರಬೇಕು. ಕೊಯ್ದ ಮೇಲೆ ಎರಡು ತುಂಡುಗಳೂ ಇದ್ದಲ್ಲೇ ಇದ್ದರೆ ಸರಿ. ಬ್ಲೇಡ್ ಹಲಗೆಯ ಕೆಳಗೆ ಎರಡು ಮೂರು ಮಿಲಿಮೀಟರ್ ಚಾಚಿದರೆ ಸಾಕು, ಅದಕ್ಕಿಂತ ಹೆಚ್ಚಿಗೆ ಇಳಿಸಿ ಪ್ರಯೋಜನವಿಲ್ಲ. ಆಳದ ಅಳತೆ ಇಡುವಾಗ ಹಳಿಯ ದಪ್ಪವನ್ನೂ ಸೇರಿಸಬೇಕು ಎಂಬುದನ್ನು ಮರೆತು, ಪೂರ್ತಿ ತುಂಡಾಗದ ಹಲಗೆಯನ್ನು ಮುರಿಯಲು ಹೋದದ್ದೂ ಉಂಟು.

ಹೀಗೆ ಅಪಾಯಕ್ಕೆಂದು ಮಾಡಿಕೊಂಡ ಏರ್ಪಾಡೇ ನನ್ನ ಅಳತೆಯನ್ನೂ ಸರಿಮಾಡಿತು ಎಂಬುದು ನನಗೆ ಅಚ್ಚರಿ. ಹಲಗೆ ಕುಸಿಯದಿದ್ದಾಗ ಸೀಳಿನ ಅಗಲ ಮೊದಲಿನಿಂದ ಕೊನೆಯವರೆಗೆ ಒಂದೇ ಇರುತ್ತದೆ. ಕೊನೆಯ ಚೂರು ಮುರಿದು ಬೀಳುವಾಗ ಏಳುತ್ತಿದ್ದ ಸಿಬಿರು ಈಗ ಇಲ್ಲ. ವೈರು ಮತ್ತು ಧೂಳಿನ ಪೈಪನ್ನು ಹೆಗಲ ಮೇಲೆ ಹಾಕಿಕೊಂಡರೆ ಹಳಿಯ ತುದಿಗೆ ತೊಡರಿ ಕೈ ಬೆದರುವುದಿಲ್ಲ. ಅಂಚಿನಲ್ಲಿ ನಡುವೆ ಎಲ್ಲೋ ಕಾಣುತ್ತಿದ್ದ ಕೊಂಕು ಆ ತೊಡರಿನದ್ದೇ ಎಂದು ಆಗ ತಿಳಿಯಿತು.

ಹಳಿಯ ರಬ್ಬರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು. ಹೊಸ ಹಳಿಯಲ್ಲಿ ರಬ್ಬರು ಬೇಕಾದ್ದಕ್ಕಿಂತ ಅಗಲವಾಗಿ ಹೊರಗೆ ಚಾಚಿರುತ್ತದೆ. ಮೊದಲ ಸಲ ಓಡಿಸಿದಾಗ ನಿಮ್ಮ ಬ್ಲೇಡೇ ಅದನ್ನು ತನ್ನ ಅಳತೆಗೆ ಕೊಯ್ದುಕೊಳ್ಳುತ್ತದೆ. ಅಲ್ಲಿಂದ ಮುಂದೆ ರಬ್ಬರಿನ ಅಂಚು ಎಲ್ಲಿದೆಯೋ ಬ್ಲೇಡ್ ಅಲ್ಲಿಯೇ ಹೋಗುತ್ತದೆ. ಗೆರೆಯ ಮೇಲೆ ಅಂಚಿಟ್ಟರೆ ಮುಗಿಯಿತು. ತಳದ ಅಗಲ ಕಳೆಯುವ ಕೂಡುವ ಗೊಡವೆ ಇಲ್ಲ. ಆದರೆ ಆ ಮೊದಲ ಓಟಕ್ಕೆ ಮುಂಚೆ ಗರಗಸದ ತಳ ದಿಂಡಿನ ಮೇಲೆ ಅಲುಗಾಡದಂತೆ ತಿರುಪು ಬಿಗಿದಿರಬೇಕು. ನಾನು ಬಿಗಿಯದೆ ಓಡಿಸಿದೆ. ಅಲುಗಾಟದ ಅರ್ಧ ಮಿಲಿಮೀಟರು ರಬ್ಬರಿನಲ್ಲಿ ಶಾಶ್ವತವಾಗಿ ದಾಖಲಾಯಿತು. ಬೇರೆ ದಪ್ಪದ ಬ್ಲೇಡ್ ಹಾಕಿದರೂ ಅಂಚಿನ ಮಾತು ಸುಳ್ಳಾಗುತ್ತದೆ. ಹಾಗಾಗಿ ಒಂದು ಹಳಿಗೆ ಒಂದೇ ದಪ್ಪದ ಬ್ಲೇಡುಗಳು ಎಂಬುದು ನಮ್ಮ ತಾರಸಿಯ ಕಾನೂನು. ಪ್ಲೈವುಡ್ಡಿಗೂ ಸನ್‌ಮೈಕಾಕ್ಕೂ 48 ಹಲ್ಲಿನದು, ಗಟ್ಟಿ ಮರವನ್ನು ಉದ್ದಕ್ಕೆ ಸೀಳಲು ಕಡಿಮೆ ಹಲ್ಲಿನದು. ಬದಲಿಸುವ ಮುಂಚೆ ಪ್ಲಗ್ಗು ಗೋಡೆಯಿಂದ ಹೊರಗೆ, ಕಣ್ಣಿಗೆ ಕಾಣುವಲ್ಲಿ.

ರಬ್ಬರು ಅದುಮುವುದು ಹಳಿಯ ಕೆಳಗಿರುವ ಬದಿಯನ್ನು ಮಾತ್ರ. ಆದ್ದರಿಂದ ಹಳಿ ಯಾವಾಗಲೂ ಉಳಿಯಬೇಕಾದ ತುಂಡಿನ ಮೇಲೆ. ಬ್ಲೇಡಿನ ಆಚೆಗಿನ ಬದಿಯಲ್ಲಿ ಸಿಬಿರು ಏಳಬಹುದು, ಸೀಳಿನ ಅಗಲವೂ ಆ ಕಡೆಯಿಂದಲೇ ಹೋಗುತ್ತದೆ. ಸನ್‌ಮೈಕಾ ಅಂಟಿಸಿದ ಹಲಗೆಯಾದರೆ ನಾನು ಮೊದಲು ಎರಡು ಮಿಲಿಮೀಟರ್ ಆಳಕ್ಕೆ ಒಂದು ಸಲ ಗೀರಿ, ಆಮೇಲೆ ಪೂರ್ತಿ ಇಳಿಸಿ ಕೊಯ್ಯುತ್ತೇನೆ. ಸನ್‌ಮೈಕಾ ಜಾರುತ್ತದೆ ಕೂಡ. ಹಳಿ ತನ್ನ ಸ್ಪಂಜಿನ ಹಿಡಿತದಲ್ಲೇ ನಿಲ್ಲುತ್ತದೆಂದು ಜಾಹೀರಾತು ಹೇಳುತ್ತದೆ. ಜಾಹೀರಾತಿನವರ ತಾರಸಿಯಲ್ಲಿ ಧೂಳು ಇರಲಿಕ್ಕಿಲ್ಲ. ನಾನು ಎರಡೂ ತುದಿಗೆ ಕ್ಲಾಂಪ್ ಬಿಗಿಯುತ್ತೇನೆ.

ಸೀಳಿನ ಅಗಲ ನನಗೆ ಕಲಿಸಿದ ಪಾಠ ಇನ್ನೂ ನಾಚಿಕೆಯದು. ಕಪಾಟಿನ ಅಡ್ಡಹಲಗೆಗಳು 12 ಇಂಚಿನವಾಗಲಿ ಎಂದುಕೊಂಡಿದ್ದೆ. ಹಾಳೆಯ ಅಗಲ 4 ಅಡಿ, ಎಂದರೆ 48 ಇಂಚು. ನಾಲ್ಕು ಹಲಗೆಗೆ ಲೆಕ್ಕ ತುಂಬಿ ಸರಿಯಾಯಿತು. ನನ್ನ ಬ್ಲೇಡ್ ಪ್ರತಿ ಓಟಕ್ಕೂ 2.2 ಮಿಲಿಮೀಟರ್ ತಿನ್ನುತ್ತದೆ. ಮೂರು ಓಟಕ್ಕೆ 6.6. ಕೊನೆಯ ಹಲಗೆ ಹತ್ತಿರ ಹತ್ತಿರ ಎರಡು ನೂಲು ಕಡಿಮೆ ಬಂತು. ಆಚಾರ್ರಿಗೆ ತೋರಿಸಿದರೆ, "ಗರಗಸಕ್ಕೂ ಊಟ ಹಾಕಬೇಕಲ್ಲ ಮೇಷ್ಟ್ರೇ" ಎಂದರು. ಎರಡನೆಯ ಹಾಳೆಯಲ್ಲಿ ಅಗಲವನ್ನು 300 ಮಿಲಿಮೀಟರಿಗೆ ಇಳಿಸಿದೆ. ಮೊದಲು ಅಂಚನ್ನು 5 ಮಿಲಿಮೀಟರ್ ಕೊಯ್ದು ಎಸೆದೆ, ಏಕೆಂದರೆ ಲಾರಿಯಲ್ಲಿ ಹತ್ತಿಳಿದು ಬಂದ ಹಾಳೆಯ ಅಂಚನ್ನಾಗಲಿ ಮೂಲೆಯನ್ನಾಗಲಿ ನಂಬುವಂತಿಲ್ಲ. ಆಮೇಲೆ ನಾಲ್ಕು ಹಲಗೆ, ನಾಲ್ಕು ಓಟ. ಒಟ್ಟು 1,213.8, 1,220ರ ಹಾಳೆಯಲ್ಲಿ ಆರು ಮಿಲಿಮೀಟರಿನ ದಾರ ಉಳಿಯಿತು.

ನಾಲ್ಕೂ ಒಂದೇ ಅಗಲ ಬರಬೇಕಾದರೆ ಪ್ರತಿ ಸಲ ಟೇಪು ಹಿಡಿಯಬಾರದು ಎಂಬುದೂ ಆಚಾರ್ರ ಮಾತು. ಟೇಪಿನ ಕೊಕ್ಕೆ ಅಲುಗಾಡುತ್ತದೆ, ಪೆನ್ಸಿಲಿನ ಗೆರೆಗೇ ಒಂದು ದಪ್ಪವಿದೆ, ನನ್ನ ಕನ್ನಡಕದ್ದೂ ಒಂದು ಪಾಲು. ಬೇಕಾದ ಅಗಲಕ್ಕೆ ಎರಡು ತುಂಡು ಕೊಯ್ದು, ಹಲಗೆಯ ಅಂಚಿನಿಂದ ರಬ್ಬರಿನ ಅಂಚಿನವರೆಗೆ ಎರಡೂ ತುದಿಯಲ್ಲಿ ಅವನ್ನೇ ಇಟ್ಟು ಹಳಿ ಹೊಂದಿಸಿದರೆ ತಪ್ಪಿದರೂ ನಾಲ್ಕೂ ಒಂದೇ ರೀತಿ ತಪ್ಪುತ್ತವೆ. ಕಪಾಟಿಗೆ ಬೇಕಾದದ್ದು ಅಷ್ಟೆ. ಮೂಲೆ ನೇರವಿದೆಯೇ ಎಂದು ನೋಡಲು ನಮ್ಮಲ್ಲಿ ಮೂಲೆಮಟ್ಟ ಇದೆ, ಆದರೆ ಎಂಟು ಅಡಿಯ ಹಲಗೆಗೆ ಒಂದು ಅಡಿಯ ಮೂಲೆಮಟ್ಟ ಸಾಕ್ಷಿ ಹೇಳಲಾರದು. ಒಂದು ಅಂಚಿನಲ್ಲಿ 600, ಇನ್ನೊಂದರಲ್ಲಿ 800 ಗುರುತು ಹಾಕಿ, ನಡುವಿನ ಕರ್ಣ 1,000 ಮಿಲಿಮೀಟರ್ ಬಂದರೆ ಮೂಲೆ ನೇರ. ಪಾಯ ತೆಗೆಯುವ ಮೇಸ್ತ್ರಿಗಳು 3-4-5 ಎಂದು ಅಡಿಯಲ್ಲಿ ಮಾಡುವುದೂ ಇದನ್ನೇ. ಎರಡು ಹಳಿ ಜೋಡಿಸಿದಾಗ ಅವು ನೇರವಿವೆಯೇ ಎಂದು ತಿಳಿಯಲು ಅಂಚಿಗೆ ಒಂದು ಗೆರೆ ಎಳೆದು, ಹಳಿಯನ್ನು ತಲೆಕೆಳಗು ಮಾಡದೆ ತುದಿ ಬದಲಿಸಿ ಗೆರೆಯ ಆಚೆ ಬದಿಗೆ ಇಟ್ಟು, ಅದೇ ಅಂಚಿನಿಂದ ಮತ್ತೊಂದು ಗೆರೆ ಎಳೆಯುತ್ತೇನೆ. ಕೊಂಕಿದ್ದರೆ ಎರಡು ಗೆರೆಗಳ ನಡುವೆ ಅದು ಇಮ್ಮಡಿಯಾಗಿ ಕಾಣುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ಸ್ವಂತ ಬುದ್ಧಿ ಎಂದು ಹೇಳಿಕೊಳ್ಳುವ ಆಸೆ. ಆದರೆ ಬಡಗಿಗಳು ಮೂಲೆಮಟ್ಟವನ್ನು ಮಗುಚಿ ಪರೀಕ್ಷಿಸುವುದು ಇದೇ ಉಪಾಯದಿಂದ.

ಗಟ್ಟಿ ಮರ ಬೇರೆಯೇ ಜೀವಿ. ಊರಿನ ಹಳೆಯ ಮನೆ ಬಿಚ್ಚಿದಾಗ ಬಂದ ಹಲಸಿನ ಹಲಗೆಯೊಂದನ್ನು ಉದ್ದಕ್ಕೆ ಸೀಳುತ್ತಿದ್ದೆ. ಆಧಾರ ಸರಿಯಿತ್ತು, ಬ್ಲೇಡ್ ಹರಿತವಿತ್ತು. ಆದರೂ ಸೀಳು ನನ್ನ ಕಣ್ಣೆದುರೇ ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು. ಮರದೊಳಗೆ ಬೆಳೆಯುವಾಗಲೇ ಸೇರಿಕೊಂಡ ಸೆಳೆತ ಬಿಡುಗಡೆಯಾದರೆ ಹಾಗಾಗುತ್ತದೆ. ಗರಗಸದ ಸದ್ದು ಇಳಿಯಿತು, ಸುಟ್ಟ ವಾಸನೆ ಬಂತು. ಈ ಸಲ ಹಳಿಯ ಪಕ್ಕಕ್ಕೆ ನಿಂತಿದ್ದೆ. ತಳ್ಳುವುದನ್ನು ನಿಲ್ಲಿಸಿ, ಗುಂಡಿ ಬಿಟ್ಟು, ಬ್ಲೇಡ್ ಪೂರ್ತಿ ನಿಂತ ಮೇಲೆ ಎತ್ತಿ, ಸೀಳಿನಲ್ಲಿ ಒಂದು ಬೆಣೆ ಸಿಕ್ಕಿಸಿ ಮುಂದುವರಿಸಿದೆ. ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ ಇರಬೇಕು, ನೋಡಲು ಮಾತ್ರ ಯಾರೂ ಇರಲಿಲ್ಲ.

ಧೂಳಿನ ಬಗ್ಗೆ ಒಂದೇ ಮಾತು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕೊರೋನಾ ಕಾಲದಲ್ಲಿ ಕೊಂಡು ಉಳಿದಿದ್ದ ಎನ್95 ಮುಸುಕುಗಳೆಲ್ಲ ನನ್ನಲ್ಲಿ ಹೀಗೆ ಖರ್ಚಾದವು. ಆಚಾರ್ರಿಗೂ ಒಂದು ಕಟ್ಟು ಕೊಟ್ಟೆ. ಎಲೆ ಅಡಿಕೆ ಹಾಕಲು ಆಗುವುದಿಲ್ಲವೆಂದು ಅವರು ಗಲ್ಲದ ಮೇಲೆ ಧರಿಸುತ್ತಾರೆ.

ಕಪಾಟು ಮುಗಿಯಿತು. ಎರಡೂ ಕರ್ಣಗಳ ನಡುವೆ ಅರ್ಧ ನೂಲಿನ ವ್ಯತ್ಯಾಸವೂ ಇರಲಿಲ್ಲ. ನಾಲ್ವರು ಹಿಡಿದು ಕೆಳಗಿಳಿಸಿ, ಗೋಡೆಯ ಮೂಲೆಗೆ ತಳ್ಳಿದೆವು. ಮೇಲ್ಗಡೆ ಗೋಡೆಗೆ ತಾಗಿತು. ಕೆಳಗೆ ಬೆರಳು ತೂರುವಷ್ಟು ಸಂದಿ. ಗೋಡೆಯೇ ವಾಲಿತ್ತು. ತಿಂಗಳುಗಟ್ಟಲೆ ಅರ್ಧ ನೂಲಿನ ಹಿಂದೆ ಬಿದ್ದವನಿಗೆ, ಗಾರೆಯವರು ಇಪ್ಪತ್ತು ವರ್ಷದ ಹಿಂದೆ ಬಿಟ್ಟುಹೋದ ಐದು ನೂಲು ಎದುರಾಗಿ ನಿಂತಿತ್ತು.

"ಒಂದು ಪಟ್ಟಿ ಕೊಯ್ದುಕೊಡಿ, ಒಂದೂವರೆ ಇಂಚಿನದು. ಗೋಡೆಗೆ ತಕ್ಕಂತೆ ನಾನು ಹೆರೆದು ಕೂರಿಸುತ್ತೇನೆ" ಎಂದು ಆಚಾರ್ರು ಚೀಲದಿಂದ ಉಜ್ಜುಗೊರಡು ತೆಗೆದರು. ಇಬ್ಬರೂ ತಾರಸಿಗೆ ಹೋದೆವು. ಉಳಿದಿದ್ದ ಹಲಗೆ ನಾಲ್ಕು ಬೆರಳಗಲದ್ದು, ಹಳಿಗಿಂತ ಕಿರಿದು. ಅದರ ಮೇಲಿಟ್ಟರೆ ಹಳಿಯ ಒಂದು ಬದಿ ಗಾಳಿಯಲ್ಲಿ ನಿಂತು ಗರಗಸ ವಾಲುತ್ತದೆ. ಹೇಳಬೇಕೆಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಆಚಾರ್ರು ಅದೇ ದಪ್ಪದ ಇನ್ನೊಂದು ತುಂಡನ್ನು ಹುಡುಕಿ ತಂದು ಹಳಿಯ ಕೆಳಗೆ ತೂರಿಸಿ, ಅಂಗೈಯಿಂದ ಅದುಮಿ ಅಲುಗಾಟ ನೋಡಿದರು. ನಾನು ಕ್ಲಾಂಪ್ ಬಿಗಿದೆ. ಗರಗಸ ಎತ್ತಿ ಹಳಿಯ ಮೇಲಿಟ್ಟು ಗುಂಡಿಗೆ ಬೆರಳು ಹಾಕಿದಾಗ, ಹಿಂದಿನಿಂದ ಯಾರೋ ನನ್ನ ಅಂಗಿಯ ಚುಂಗು ಹಿಡಿದು ಪಕ್ಕಕ್ಕೆ ಎಳೆದಂತಾಯಿತು. ತಿರುಗಿ ನೋಡಿದರೆ ಆಚಾರ್ರು, ಮುಸುಕನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡಿದ್ದರು.

"ಹಳಿಗೆ ಎದುರು ನಿಲ್ಲಬೇಡಿ ಮೇಷ್ಟ್ರೇ. ಈಗ ಓಡಿಸಿ."